ಸಫಾರಿ ಬುಕ್ ಮಾಡುವ ಮುಂಚೆ: ಪ್ರಾಣಿ ನಿಮ್ಮ ಹತ್ತಿರ ಯಾಕೆ ಬರುತ್ತದೆ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಇದೇ ಮಾತು. ಮಕ್ಕಳಿಗೆ ಹುಲಿ ತೋರಿಸಬೇಕು, ಎಲ್ಲಿಗೆ ಹೋಗೋಣ? ಒಬ್ಬರು ಬನ್ನೇರುಘಟ್ಟ ಅನ್ನುತ್ತಾರೆ, ಇನ್ನೊಬ್ಬರು ಕಬಿನಿ ಅನ್ನುತ್ತಾರೆ. ಹುಲಿ ಯಾಕೆ, ಆನೆ ಮೈ ಮುಟ್ಟಿಬರೋಣ, ದುಬಾರೆಗೆ ನಡೀರಿ ಅನ್ನುವವರು ಮತ್ತೊಬ್ಬರು. ಮೂರೂ ಕಡೆ ಪ್ರಾಣಿಗಳನ್ನು ಹತ್ತಿರದಿಂದ ನೋಡಬಹುದು ಎನ್ನುವುದು ನಿಜವೇ. ಆದರೆ ಅವು ಹತ್ತಿರ ಸಿಗುವ ಕಾರಣ ಒಂದೊಂದು ಕಡೆ ಒಂದೊಂದು. ಅದನ್ನು ತಿಳಿಯದೆ ದುಡ್ಡು ಕಟ್ಟಿ ಹೋದವರೇ ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬರುವುದು.

ಕಾಡುಪ್ರಾಣಿ ಮನುಷ್ಯನನ್ನು ಕಂಡರೆ ದೂರ ಸರಿಯುತ್ತದೆ. ಎಷ್ಟು ದೂರ ಅನ್ನುವುದಕ್ಕೆ ಪ್ರತಿಯೊಂದು ಜಾತಿಗೂ ಒಂದು ಅಳತೆ ಇದೆ. ನಾವು ಅದರಾಚೆ ಇರುವವರೆಗೆ ಜಿಂಕೆ ತನ್ನ ಪಾಡಿಗೆ ಮೇಯುತ್ತಿರುತ್ತದೆ. ಒಂದು ಹೆಜ್ಜೆ ಒಳಗೆ ಇಟ್ಟರೆ ತಲೆ ಎತ್ತುತ್ತದೆ, ಇನ್ನೊಂದು ಇಟ್ಟರೆ ಓಡುತ್ತದೆ. ಆನೆಯಾದರೆ ಓಡುವ ಬದಲು ನಮ್ಮ ಮೇಲೇ ನುಗ್ಗಬಹುದು. ಇಷ್ಟಾದರೂ ಒಂದು ಪ್ರಾಣಿ ನಮ್ಮ ಎದುರು ನೆಮ್ಮದಿಯಾಗಿ ನಿಂತಿದೆ ಎಂದರೆ ಏನೋ ಕಾರಣ ಇರಲೇಬೇಕು. ನಡುವೆ ಬೇಲಿ ಇರಬಹುದು. ತಿಂಡಿಯ ಆಸೆ ಇರಬಹುದು. ಮಾವುತನ ಮಾತಿಗೆ ಪಳಗಿರಬಹುದು. ದಿನಾ ಬಂದು ಏನೂ ಮಾಡದೆ ಹೋಗುವ ಜೀಪುಗಳನ್ನು ನೋಡಿ ನೋಡಿ ರೂಢಿಯಾಗಿರಬಹುದು. ಜಾಗ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಇಲ್ಲಿನ ಪ್ರಾಣಿ ನಮ್ಮನ್ನು ಕಂಡರೂ ಯಾಕೆ ಓಡಿಹೋಗುವುದಿಲ್ಲ?

ಬೇಲಿಯೊಳಗಿನ ಸಫಾರಿ

ಬನ್ನೇರುಘಟ್ಟದಲ್ಲಿ ಉತ್ತರ ಸುಲಭ. ಅಲ್ಲಿ ಬೇಲಿ ಇದೆ. ಪಕ್ಕದಲ್ಲೇ ರಾಷ್ಟ್ರೀಯ ಉದ್ಯಾನದ ನಿಜವಾದ ಕಾಡಿದ್ದರೂ ನಾವು ಬಸ್ಸಿನಲ್ಲಿ ಸುತ್ತುವುದು ಜೈವಿಕ ಉದ್ಯಾನದ ಒಳಗೆ. ಹುಲಿಗೆ ಒಂದು ಆವರಣ, ಸಿಂಹಕ್ಕೆ ಒಂದು, ಕರಡಿಗೆ ಒಂದು. 2024ರಲ್ಲಿ 20 ಹೆಕ್ಟೇರ್ ಜಾಗದಲ್ಲಿ ಚಿರತೆ ಸಫಾರಿಯೂ ಶುರುವಾಯಿತು. ಒಂದು ಆವರಣದಿಂದ ಇನ್ನೊಂದಕ್ಕೆ ಹೋಗುವಾಗ ಗೇಟಿನ ಹತ್ತಿರ ಸ್ವಲ್ಪ ಗಮನ ಕೊಡಿ. ಮೊದಲನೇ ಗೇಟು ತೆರೆಯುತ್ತದೆ, ಬಸ್ಸು ಒಳಗೆ ಹೋಗಿ ನಿಲ್ಲುತ್ತದೆ. ಹಿಂದಿನ ಗೇಟು ಪೂರ್ತಿ ಮುಚ್ಚಿದ ಮೇಲೆಯೇ ಮುಂದಿನದು ತೆರೆಯುವುದು. ಆ ಅರೆನಿಮಿಷ ಬಸ್ಸು ಎರಡು ಗೇಟುಗಳ ನಡುವೆ ಪಂಜರದಲ್ಲಿ ಇರುತ್ತದೆ. ಮಕ್ಕಳಿಗೆ ಹುಲಿಗಿಂತ ಮೊದಲು ಖುಷಿ ಕೊಡುವುದು ಇದೇ.

ಇಲ್ಲಿನ ಹುಲಿ, ಸಿಂಹಗಳಿಗೆ ಬೇಟೆಯ ಚಿಂತೆ ಇಲ್ಲ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಬಸ್ಸು ಬಂದರೆ ಕಿವಿಯನ್ನೂ ಅಲ್ಲಾಡಿಸದೆ ಮಲಗಿರುತ್ತವೆ. ‘ಹುಲಿ ಸುಮ್ನೆ ಮಲಗಿತ್ತು, ಏನೂ ಮಾಡ್ಲಿಲ್ಲ’ ಎಂದು ಬೇಜಾರು ಮಾಡಿಕೊಳ್ಳುವವರಿಗೆ ಒಂದು ಮಾತು: ಕಾಡಿನ ಹುಲಿಯೂ ಹಗಲಿನ ಬಹುಪಾಲು ಮಲಗಿಯೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

ಕೆಲವರು ಇದನ್ನು ನಕಲಿ ಸಫಾರಿ ಎಂದು ಮೂಗು ಮುರಿಯುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಐದಾರು ವರ್ಷದ ಮಗುವಿಗೆ, ಮೊಣಕಾಲು ನೋವಿರುವ ಅಜ್ಜಿಗೆ, ಒಂದೇ ದಿನದ ಬಿಡುವಿರುವ ಬೆಂಗಳೂರಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಸರ್ಕಸ್ಸಿನಿಂದ ಬಿಡಿಸಿ ತಂದ ಹುಲಿ, ಸಿಂಹಗಳಿಗೆ ಆಶ್ರಯ ಸಿಕ್ಕಿದ್ದು ಇಲ್ಲಿ. ಕರಡಿ ಕುಣಿಸುವವರ ಕೈಯಿಂದ ಬಿಡಿಸಿದ ಕರಡಿಗಳಿಗೂ ಇಲ್ಲೊಂದು ಕೇಂದ್ರವಿದೆ. ಆ ಕರಡಿಗಳನ್ನು ಮತ್ತೆ ಕಾಡಿಗೆ ಬಿಡಲು ಬರುವುದಿಲ್ಲ. ಅಂಥವು ಬೇಲಿಯೊಳಗೆ ಮರದ ನೆರಳಿನಲ್ಲಿ ಓಡಾಡಿಕೊಂಡಿದ್ದರೆ ಅದರಲ್ಲಿ ತಪ್ಪೇನಿದೆ? ಶಿವಮೊಗ್ಗದ ಕಡೆಯವರಿಗೆ ತ್ಯಾವರೆಕೊಪ್ಪ, ಹಂಪಿ ನೋಡಲು ಹೋದವರಿಗೆ ಕಮಲಾಪುರದ ಹತ್ತಿರದ ಮೃಗಾಲಯ ಇದೇ ಬಗೆಯ ಜಾಗಗಳು. ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ ಎನ್ನುವುದು ನೆನಪಿರಲಿ. ಗೇಟಿನ ತನಕ ಹೋಗಿ ವಾಪಸ್ ಬರುವವರು ಈಗಲೂ ಇದ್ದಾರೆ.

ಬೇಲಿ ಇದ್ದ ಮಾತ್ರಕ್ಕೆ ಅಪಾಯ ಇಲ್ಲ ಎಂದುಕೊಳ್ಳಬೇಡಿ. 2025ರ ಆಗಸ್ಟ್‌ನಲ್ಲಿ ಇಲ್ಲೇ ಚಿರತೆಯೊಂದು ಸಫಾರಿ ಜೀಪಿನ ಕಿಟಕಿಗೆ ಪಂಜ ಹಾಕಿ ಒಬ್ಬ ಹುಡುಗನ ಕೈ ಗೀರಿತು. ಅದೇ ನವೆಂಬರ್‌ನಲ್ಲಿ ಬಸ್ಸಿನಲ್ಲಿದ್ದ ಒಬ್ಬ ಮಹಿಳೆಗೂ ಚಿರತೆಯಿಂದ ಗಾಯವಾಯಿತು. ಬೇಲಿ ಪ್ರಾಣಿಯನ್ನು ಊರಿನಿಂದ ದೂರ ಇಡುತ್ತದೆ, ನಮ್ಮ ಕಿಟಕಿಯಿಂದಲ್ಲ. ಹುಲಿ, ಸಿಂಹಗಳಿಗಿಂತ ಚಿರತೆ ಹಗುರ. ವಾಹನ ಹತ್ತುವುದು ಅದಕ್ಕೆ ಕಷ್ಟವೇ ಅಲ್ಲ. ಮಕ್ಕಳನ್ನು ಕಿಟಕಿಯಿಂದ ಒಂದು ಸೀಟು ಒಳಗೆ ಕೂರಿಸುವುದು, ಜಾಲರಿಗೆ ಬೆರಳು ತೂರಿಸದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಕಾಡಿನ ಸಫಾರಿ

ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನ ಬೆಟ್ಟ, ಕಾಳಿ. ಇಲ್ಲಿ ಬೇಲಿಯೂ ಇಲ್ಲ, ತಿಂಡಿಯೂ ಇಲ್ಲ. ಪ್ರಾಣಿಗೆ ಬೇಕೆನಿಸಿದರೆ ದಾರಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ನಾಗರಹೊಳೆಯೊಂದರಲ್ಲೇ 141. ಅಲ್ಲಿನ ರಾಷ್ಟ್ರೀಯ ಉದ್ಯಾನ 643 ಚದರ ಕಿಲೋಮೀಟರ್. ಲೆಕ್ಕ ಹಾಕಿದರೆ ನಾಲ್ಕೈದು ಚದರ ಕಿಲೋಮೀಟರಿಗೆ ಒಂದು ಹುಲಿ. ದೇಶದ ಲೆಕ್ಕದಲ್ಲಿ ಇದು ತುಂಬಾ ಜಾಸ್ತಿ. ಆದರೆ ಅಷ್ಟು ಕಾಡನ್ನೂ ಪ್ರವಾಸಿಗಳಿಗೆ ಬಿಡುವುದಿಲ್ಲ. ಹುಲಿ ರಕ್ಷಿತಾರಣ್ಯದ ಒಳಕಾಡಿನಲ್ಲಿ ಹೆಚ್ಚೆಂದರೆ 20 ಶೇಕಡಾ ಭಾಗದಲ್ಲಿ ಮಾತ್ರ ಸಫಾರಿ ನಡೆಯಬಹುದು ಎಂದು ನಿಯಮವಿದೆ. ಆ ಭಾಗದಲ್ಲೂ ನಾವು ಓಡಾಡುವುದು ಮಣ್ಣಿನ ದಾರಿಯ ಮೇಲೆ. ಎಡಬಲಕ್ಕೆ ಕಾಣುವುದು ಕೆಲವೇ ಮಾರು ದೂರ, ಆಮೇಲೆ ಬರೀ ಲಂಟಾನ ಪೊದೆ. ಬಂಡೀಪುರದಲ್ಲಿ ಈ ಲಂಟಾನದ ಕಾಟ ವಿಪರೀತ. ಹತ್ತಡಿ ಆಚೆ ಹುಲಿ ಮಲಗಿದ್ದರೂ ಗೊತ್ತಾಗುವುದಿಲ್ಲ.

ಹಾಗಾದರೆ ಹುಲಿ ಕಾಣುವುದು ಹೇಗೆ? ಡ್ರೈವರ್ ಮತ್ತು ಗೈಡ್ ಏನು ಮಾಡುತ್ತಾರೆ ನೋಡಿ. ಬೆಳಿಗ್ಗೆ ಒಳಗೆ ಹೋದ ಕೂಡಲೇ ಅವರ ಕಣ್ಣು ಕಾಡಿನ ಮೇಲಿರುವುದಿಲ್ಲ, ದಾರಿಯ ಧೂಳಿನ ಮೇಲಿರುತ್ತದೆ. ರಾತ್ರಿ ಹುಲಿ ನಡೆದುಹೋಗಿದ್ದರೆ ಹೆಜ್ಜೆ ಬಿದ್ದಿರುತ್ತದೆ. ಹೆಜ್ಜೆಯ ಮೇಲೆ ಜೀಪಿನ ಚಕ್ರದ ಗುರುತು ಇದ್ದರೆ ಅದು ಹಳೆಯದು. ಚಕ್ರದ ಗುರುತಿನ ಮೇಲೆ ಹೆಜ್ಜೆ ಇದ್ದರೆ ಗಾಡಿ ನಿಂತಿತು ಅಂತಲೇ ಲೆಕ್ಕ. ಎಂಜಿನ್ ಆಫ್ ಮಾಡಿ ಕಿವಿ ಕೊಡುತ್ತಾರೆ. ಈಗ ಕಾಯುವುದು ‘ಕಾಲ್’ಗೆ, ಅಂದರೆ ಹುಲಿಯನ್ನೋ ಚಿರತೆಯನ್ನೋ ಕಂಡ ಪ್ರಾಣಿ ಹಾಕುವ ಎಚ್ಚರಿಕೆಯ ಕೂಗಿಗೆ. ಮರದ ತುದಿಯಲ್ಲಿ ಕೂತ ಮುಸುವ (ಕರಿಮುಖದ ಕೋತಿ) ಗಂಟಲಿನಿಂದ ಒರಟಾಗಿ ಕೆಮ್ಮಿದ ಹಾಗೆ ಕೂಗುತ್ತದೆ. ಜಿಂಕೆ ಕೀಚಲು ದನಿಯಲ್ಲಿ ಕೂಗುತ್ತದೆ. ಜಿಂಕೆ ಹೆದರುಪುಕ್ಕಲು, ಎಷ್ಟೋ ಸಲ ಕಾರಣ ಇಲ್ಲದೆಯೂ ಗಾಬರಿಯಾಗುತ್ತದೆ. ಕಡವೆ ಹಾಗಲ್ಲ. ಬಾಲ ಎತ್ತಿ, ಕಾಲು ನೆಲಕ್ಕೆ ಬಡಿದು, ದಪ್ಪ ದನಿಯಲ್ಲಿ ಬಿಟ್ಟು ಬಿಟ್ಟು ಕೂಗಲು ಶುರು ಮಾಡಿತೆಂದರೆ ಗೈಡ್ ಮುಖ ಬದಲಾಗುತ್ತದೆ. ಕಡವೆ ಕಣ್ಣಿಗೆ ಹುಲಿಯೋ ಚಿರತೆಯೋ ಬಿದ್ದಿರಬೇಕು. ಹತ್ತು ನಿಮಿಷ ಅಲ್ಲೇ ನಿಲ್ಲುತ್ತಾರೆ. ಹಿಂದಿನ ಸೀಟಿನಲ್ಲಿ ಯಾರೋ ಚಿಪ್ಸ್ ಪ್ಯಾಕೆಟ್ ಹರಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಹುಲಿ ದಾರಿಗೆ ಬಂದರೂ ಜೀಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಡೆದುಹೋಗುವುದುಂಟು. ಹುಟ್ಟಿದಾಗಿನಿಂದ ಜೀಪು ನೋಡಿ ಬೆಳೆದ ಹುಲಿಗಳವು. ಗಾಡಿಯಿಂದ ಯಾರೂ ಇಳಿಯುವುದಿಲ್ಲ, ಏನೂ ತೊಂದರೆ ಆಗುವುದಿಲ್ಲ ಎನ್ನುವುದು ಅವಕ್ಕೆ ರೂಢಿಯಾಗಿದೆ. ಎದ್ದು ನಿಂತು ಕೈ ಚಾಚಿದರೆ ಆ ರೂಢಿ ಮುರಿಯುತ್ತದೆ. ಗೈಡ್ ಬೈಯುವುದು ಅದಕ್ಕೇ. ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕು ಎಂದು ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮ ಇದೆ. ‘ಇನ್ನೂ ಸ್ವಲ್ಪ ಮುಂದೆ ತಗೊಳ್ಳಿ ಅಣ್ಣ’ ಎಂದು ಡ್ರೈವರಿಗೆ ನೋಟು ತೋರಿಸುವವರು ಅವರ ಕೆಲಸಕ್ಕೇ ಕುತ್ತು ತರುತ್ತಿರುತ್ತಾರೆ.

ಗಾಡಿ ಯಾವುದು ಎನ್ನುವುದೂ ಮುಖ್ಯ. ಅರಣ್ಯ ಇಲಾಖೆಯ ಕ್ಯಾಂಟರ್ ಬಸ್ಸು ಅಗ್ಗ, ಆದರೆ ಜನ ಜಾಸ್ತಿ, ಗಲಾಟೆಯೂ ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ಕಡೆ ನೋಡಬೇಕು. ಜೀಪು ದುಬಾರಿ, ಆದರೆ ಸದ್ದಿಲ್ಲದೆ ನಿಂತು ಕಾಯಲು ಅದೇ ಸರಿ. ನಾಗರಹೊಳೆ ಕಾಡಿನದೇ ಭಾಗವಾದ ಕಬಿನಿಯಲ್ಲಿ ಜೀಪು ಸಫಾರಿ ನಡೆಸುವುದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್. ಕಾಡನ್ನು ಎ, ಬಿ ಎಂದು ವಲಯ ಮಾಡಿ ಗಾಡಿಗಳನ್ನು ಹಂಚುತ್ತಾರೆ. ಯಾವ ವಲಯ ಸಿಗುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಕರಿಚಿರತೆಯ ಆಸೆಯಿಂದ ದೂರದೂರದಿಂದ ಬಂದು ದಿನಗಟ್ಟಲೆ ಕಾದು, ಬರಿಗೈಯಲ್ಲಿ ಹೋಗುವ ಫೋಟೋಗ್ರಾಫರ್‌ಗಳು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಒಂದು ಸಫಾರಿಗೆ ಹೋಗಿ ಹುಲಿ ಸಿಗಲಿಲ್ಲ ಎಂದು ಮುನಿಸಿಕೊಳ್ಳುವವರು ಅವರನ್ನು ಒಮ್ಮೆ ಮಾತಾಡಿಸಬೇಕು.

ಕಾಲ ನೋಡಿಕೊಂಡು ಹೋದರೆ ಅರ್ಧ ಗೆದ್ದ ಹಾಗೆ. ಫೆಬ್ರವರಿಯಿಂದ ಮೇ ತನಕ ಎಲೆ ಉದುರಿ ಕಾಡು ಬಯಲಾಗಿರುತ್ತದೆ, ನೀರು ಕಡಿಮೆ, ಪ್ರಾಣಿಗಳು ಕೆರೆಗೆ ಬರಲೇಬೇಕು. ಕಬಿನಿ ಹಿನ್ನೀರಿನ ವಿಷಯವೇ ಬೇರೆ. ಬೇಸಿಗೆಯಲ್ಲಿ ನೀರು ಇಳಿದಂತೆ ಜಲಾಶಯದ ಅಂಚಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವಾಗ ಆನೆಗಳಿಗೆ ಅದೇ ಗತಿ. ಹಿಂಡು ಹಿಂಡಾಗಿ ಬರುತ್ತವೆ. ಸಂಜೆ ದೋಣಿ ಸಫಾರಿಯಲ್ಲಿ ಕೂತರೆ ದಡದ ಮೇಲೆ ಮರಿಗಳನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಮೇಯುವ ತಾಯಾನೆಗಳು ಕಾಣುತ್ತವೆ. ಹುಲಿ ಹುಲಿ ಎಂದು ಜೀಪಿಗೇ ಅಂಟಿಕೊಳ್ಳುವವರಿಗೆ ನನ್ನ ಸಲಹೆ, ಏಪ್ರಿಲ್‌ನಲ್ಲಿ ಹೋದರೆ ಒಂದು ಹೊತ್ತಾದರೂ ದೋಣಿ ತೆಗೆದುಕೊಳ್ಳಿ.

ಕಾಳಿ ಕಾಡಿರುವ ದಾಂಡೇಲಿ ಕಡೆಗೆ ಹುಲಿ ಹುಡುಕಿಕೊಂಡು ಹೋಗಬೇಡಿ. ಕಾಡು ದಟ್ಟ, ಪ್ರಾಣಿ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಅಲ್ಲಿನ ಮರದ ಡಿಪೋ ಹತ್ತಿರ ಮಂಗಟ್ಟೆ ಹಕ್ಕಿಗಳು ತಲೆಯ ಮೇಲೇ ಹಾರುತ್ತವೆ.

ಇನ್ನೊಂದು ವಿಷಯ ಬುಕ್ ಮಾಡುವ ಮುಂಚೆ ತಿಳಿದಿರಬೇಕು. ಕಾಡಿನ ಸಫಾರಿ ಯಾವಾಗ ಬೇಕಾದರೂ ನಿಲ್ಲಬಹುದು. 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತು. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಸತ್ತಿದ್ದರು. ಸಫಾರಿ ಗಾಡಿಗಳ ಓಡಾಟದಿಂದಲೇ ಹುಲಿಗಳು ಹೊಲದ ಕಡೆ ಬರುತ್ತಿವೆ ಎಂಬುದು ರೈತರ ದೂರು. ಸಫಾರಿಗೆ ಹಾಕಿದ ಸಿಬ್ಬಂದಿ ಹುಲಿ ಹುಡುಕುವ ಕೆಲಸಕ್ಕೆ ಹೋದರು. ರೈತರ ದೂರು ಎಷ್ಟು ಸರಿ ಎನ್ನುವ ಚರ್ಚೆ ಬೇರೆ. ನಾವು ರಜೆಗೆ ಹೋಗುವ ಕಾಡಿನ ಪಕ್ಕದಲ್ಲೇ ರಾಗಿ, ಹತ್ತಿ ಬೆಳೆದು ಬದುಕುವವರಿದ್ದಾರೆ, ಅವರಿಗೂ ಹುಲಿ ಹತ್ತಿರದಿಂದಲೇ ಕಾಣುತ್ತದೆ. ಹಾಗಾಗಿ ಹೋಗುವ ವಾರ ಒಮ್ಮೆ ವಿಚಾರಿಸಿಯೇ ಹೊರಡಿ.

ಮುಟ್ಟುವ ಆಸೆ ಇದ್ದರೆ

ಕುಶಾಲನಗರದ ಹತ್ತಿರ ಕಾವೇರಿ ದಂಡೆಯ ದುಬಾರೆ, ಶಿವಮೊಗ್ಗದಿಂದ 14 ಕಿಲೋಮೀಟರ್ ದೂರದ ಸಕ್ರೆಬೈಲು. ಎರಡೂ ಅರಣ್ಯ ಇಲಾಖೆಯ ಆನೆ ಶಿಬಿರಗಳು. ಸಕ್ರೆಬೈಲಿಗೆ ಬೆಳಿಗ್ಗೆ ಹೊತ್ತಾಗುವ ಮುಂಚೆ ಹೋಗಬೇಕು. ತುಂಗಾ ಹಿನ್ನೀರಿನಲ್ಲಿ ಆನೆ ಮಗ್ಗುಲಾಗಿ ಮಲಗುತ್ತದೆ, ಮಾವುತ ಅದರ ಮೈಮೇಲೆ ಕೂತು ಕಲ್ಲಿನಿಂದ ತಿಕ್ಕುತ್ತಾನೆ. ಸೊಂಡಿಲ ತುದಿ ಮಾತ್ರ ನೀರಿನಿಂದ ಮೇಲೆದ್ದು ಉಸಿರು ಬಿಡುತ್ತಿರುತ್ತದೆ. ಆಮೇಲೆ ಕುಸುರೆ. ಭತ್ತ, ಬೆಲ್ಲ, ಕಾಯಿ ಹಾಕಿ ಹುಲ್ಲಿನಲ್ಲಿ ಕಟ್ಟಿದ ಉಂಡೆಯನ್ನು ಸೀದಾ ಬಾಯಿಗೇ ಇಡುತ್ತಾರೆ. ದುಬಾರೆಯಲ್ಲಿ ರಾಗಿ ಮುದ್ದೆ ಕೊಡುವುದುಂಟು. ಅಲ್ಲಿ ಹೊಳೆ ದಾಟಲು ದೋಣಿ ಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ.

ಈ ಆನೆಗಳು ಸಾಕುಪ್ರಾಣಿ ಎಂದು ಬಹಳ ಜನ ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. ಎಷ್ಟೋ ಆನೆಗಳು ಕಾಡಿನಲ್ಲಿ ಹುಟ್ಟಿ ಆಮೇಲೆ ಸಿಕ್ಕಿಬಿದ್ದವು. ಹಿಂದೆ ಖೆಡ್ಡಾ ಮಾಡಿ, ಅಂದರೆ ಹಿಂಡನ್ನೇ ದೊಡ್ಡ ಆವರಣಕ್ಕೆ ಅಟ್ಟಿ, ಹಿಡಿಯುತ್ತಿದ್ದರು. ಮೈಸೂರು ಸೀಮೆಯ ಕೊನೆಯ ಖೆಡ್ಡಾ ಕಾಕನಕೋಟೆಯಲ್ಲಿ ನಡೆದದ್ದು 1971ರಲ್ಲಿ. ಈಗ ಹಿಡಿಯುವುದು ಹಾಸನ, ಕೊಡಗಿನ ತೋಟಗಳಿಗೆ ನುಗ್ಗಿ ಜನರಿಗೆ ಪ್ರಾಣಭಯ ತಂದ ಆನೆಗಳನ್ನು. ಅವನ್ನು ಹಿಡಿಯಲು ಹೋಗುವುದೂ ಶಿಬಿರದ ಆನೆಗಳೇ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಸತ್ತದ್ದು ಇಂಥದ್ದೇ ಕೆಲಸದಲ್ಲಿ, ಕಾಡಾನೆಯ ಜೊತೆ ಕಾದಾಡಿ. ಸಂಜೆಯಾದರೆ ಶಿಬಿರದ ಆನೆಗಳನ್ನು ಕಾಲಿಗೆ ಉದ್ದ ಸರಪಳಿ ಹಾಕಿ ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಮಾವುತ, ಅವನ ಸಹಾಯಕ ಕಾವಾಡಿ ಸರಪಳಿ ಎಳೆದ ಗುರುತು ಹಿಡಿದು ಹುಡುಕಿಕೊಂಡು ಹೋಗಿ ಕರೆತರುತ್ತಾರೆ. ನೀವು ಒಂಬತ್ತು ಗಂಟೆಗೆ ಮೈ ತಿಕ್ಕಿದ ಆನೆ ಹಿಂದಿನ ರಾತ್ರಿ ಕಾಡಾನೆಗಳ ಜೊತೆ ಇದ್ದಿರಬಹುದು!

ಅದಕ್ಕೇ ಮಾವುತ ಹೇಳಿದ ಕಡೆ ಮಾತ್ರ ಮುಟ್ಟಬೇಕು. ಬೆನ್ನ ಹಿಂದಿನಿಂದ ಹೋಗಬಾರದು. ಗಂಡಾನೆಯ ಕಣ್ಣು ಕಿವಿಯ ನಡುವಿನಿಂದ ಎಣ್ಣೆಯಂಥದ್ದು ಸುರಿಯುತ್ತಿದ್ದರೆ ಅದಕ್ಕೆ ಮದ ಬಂದಿದೆ ಎಂದರ್ಥ. ಅಂಥ ಆನೆಯನ್ನು ದೂರ ಕಟ್ಟಿರುತ್ತಾರೆ, ಹತ್ತಿರ ಹೋಗುವ ಮಾತೇ ಬೇಡ.

ಮುಟ್ಟಲು ಬಿಡುವ ಎಲ್ಲ ಜಾಗಗಳೂ ಹೀಗಿರುವುದಿಲ್ಲ. ಥೈಲ್ಯಾಂಡಿಗೆ ಹೋದ ನಮ್ಮವರು ಹುಲಿಯ ಬೆನ್ನ ಮೇಲೆ ಕೈ ಇಟ್ಟು ತೆಗೆಸಿಕೊಂಡ ಫೋಟೋ ಹಾಕುತ್ತಿರುತ್ತಾರೆ. ಅಲ್ಲಿನ ಕಾಂಚನಬುರಿಯಲ್ಲಿ ‘ಹುಲಿ ದೇವಸ್ಥಾನ’ ಎಂದು ಹೆಸರಾಗಿದ್ದ ಮಠವಿತ್ತು. 2016ರಲ್ಲಿ ಅಧಿಕಾರಿಗಳು ದಾಳಿ ಮಾಡಿ 137 ಹುಲಿಗಳನ್ನು ಹೊರತಂದರು. ಅಲ್ಲಿನ ಫ್ರೀಜರ್‌ನಲ್ಲಿ 40 ಸತ್ತ ಮರಿಗಳು ಸಿಕ್ಕವು. ಹುಲಿಯ ಪಕ್ಕ ಕೂತು ಸೆಲ್ಫಿ ತೆಗೆದುಕೊಳ್ಳಬಹುದು ಎನ್ನುವ ಯಾವ ಜಾಗಕ್ಕೂ ನಾನಂತೂ ಹೋಗಲಾರೆ. ನಮ್ಮಲ್ಲಿ ಮೃಗಾಲಯದ ಪ್ರಾಣಿಗೆ ತಿನ್ನಲು ಕೊಡುವುದು, ಕೆಣಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ದೋಣಿ ಮತ್ತು ಬಂಡೆ

ಬೇಲಿ ಇಲ್ಲದೆ, ಪಳಗಿಸದೆ ಕಾಡುಪ್ರಾಣಿಯನ್ನು ನಿಜವಾಗಿಯೂ ಹತ್ತಿರದಿಂದ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ರಂಗನತಿಟ್ಟು. ಹುಲಿ ಆಸೆಯಲ್ಲಿ ಜನ ಇದನ್ನು ಮರೆತೇಬಿಡುತ್ತಾರೆ. ಪಕ್ಷಿತಜ್ಞ ಸಲೀಂ ಅಲಿ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ, 2022ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹುಟ್ಟು ಹಾಕುವ ದೋಣಿ, ಎಂಜಿನ್ ಸದ್ದಿಲ್ಲ. ಅಂಬಿಗ ಬಂಡೆಯ ಪಕ್ಕಕ್ಕೇ ದೋಣಿ ತರುತ್ತಾನೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯ ಹಲ್ಲು ಎಣಿಸಬಹುದು. ತಲೆಯ ಮೇಲೆ ಕೊಕ್ಕರೆ ಗೂಡುಗಳು, ಮರಿಗಳ ಗದ್ದಲ. ಇಲ್ಲಿ ಪ್ರಾಣಿ ಓಡಿಹೋಗದ ಕಾರಣ ನೀರು. ನಡುಗಡ್ಡೆಗೆ ನಾಯಿ, ನರಿ, ಮನುಷ್ಯರು ಬರುವುದಿಲ್ಲ. ದೋಣಿ ದಿನಾ ಬರುತ್ತದೆ, ದಡ ಹತ್ತುವುದಿಲ್ಲ. ಜನವರಿಯಿಂದ ಜೂನ್ ಒಳ್ಳೆಯ ಕಾಲ. ಮೈಸೂರಿನಿಂದ ಅರ್ಧ ದಿನದ ಕೆಲಸ. ಹಾಗೆಯೇ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿಬರಬಹುದು. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ, ಟಿಕೆಟ್ ತೆಗೆದುಕೊಂಡು ಜೀಪು ಹತ್ತುವ ತಾಪತ್ರಯವೇ ಇಲ್ಲ.

ಹಂಪಿ ಪಕ್ಕದ ದರೋಜಿ ಕರಡಿಧಾಮದ ಕತೆ ಇನ್ನೊಂದು ಬಗೆ. 1994ರಲ್ಲಿ ಶುರುವಾದದ್ದು. ಮಧ್ಯಾಹ್ನ ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿಗಳು ಗುಹೆಯಿಂದ ಹೊರಬಂದು ನೆಕ್ಕುತ್ತವೆ, ನಾವು ವೀಕ್ಷಣಾ ಗೋಪುರದಿಂದ ನೋಡುತ್ತೇವೆ. ಕಾಡುಕರಡಿಯೇ, ಆದರೆ ಬರುವುದು ಬೆಲ್ಲಕ್ಕೆ. ಇದು ಸರಿಯೇ ಎಂದು ವಾದ ಮಾಡಬಹುದು. ಅಲ್ಲಿ ಕರಡಿ ಮತ್ತು ಜನರ ನಡುವೆ ಸಾಕಷ್ಟು ದೂರ ಇದೆ, ಜನ ಕೈಯಾರೆ ಕೊಡುವುದಿಲ್ಲ ಎಂಬುದರಿಂದ ನನಗೆ ಅಷ್ಟು ಆಕ್ಷೇಪ ಇಲ್ಲ. ಬೈನಾಕ್ಯುಲರ್ ಇಲ್ಲದೆ ಹೋದರೆ ಮಾತ್ರ ಕರಿ ಚುಕ್ಕೆ ನೋಡಿ ಬರಬೇಕಾಗುತ್ತದೆ.

ಎಲ್ಲಕ್ಕಿಂತ ಅಪಾಯದ ‘ಸಫಾರಿ’ ಟಿಕೆಟ್ ಇಲ್ಲದೆ ಹೆದ್ದಾರಿಯಲ್ಲಿ ನಡೆಯುವುದು. ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿಯುವವರಿಗೆ ಲೆಕ್ಕವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಹೀಗೆ ಇಳಿದು ಆನೆಯ ಜೊತೆ ಸೆಲ್ಫಿಗೆ ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿತು. ಪುಣ್ಯಕ್ಕೆ ಬದುಕಿದರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು.

ಇಷ್ಟೆಲ್ಲ ಯೋಚಿಸಿ ಕಾಡಿನ ಸಫಾರಿಯೇ ಬೇಕು ಎಂದು ತೀರ್ಮಾನಿಸಿದ್ದರೆ ಕೆಲವು ಸಣ್ಣ ಮಾತು. ಬೆಳಗಿನ ಸಫಾರಿ ಆರರ ಸುಮಾರಿಗೆ ಹೊರಡುತ್ತದೆ. ಬೇಸಿಗೆಯಲ್ಲೂ ತೆರೆದ ಜೀಪಿನಲ್ಲಿ ಗಾಳಿ ಕೊರೆಯುತ್ತದೆ, ಮಕ್ಕಳಿಗೆ ಸ್ವೆಟರ್ ಇರಲಿ. ಎದ್ದು ಕಾಣುವ ಬಣ್ಣದ ಬಟ್ಟೆ, ಘಮಘಮ ಸೆಂಟು ಬೇಡ. ಗುರುತಿನ ಚೀಟಿ ಮರೆಯಬೇಡಿ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಲು ಸಾಧ್ಯವಾದರೆ ಜನ ಕಡಿಮೆ. ಮತ್ತೆ, ಒಳಗೆ ಎಲ್ಲೂ ಶೌಚಾಲಯ ಇರುವುದಿಲ್ಲ, ನಡುದಾರಿಯಲ್ಲಿ ಇಳಿಯಲು ಬಿಡುವುದೂ ಇಲ್ಲ. ಹತ್ತುವ ಮುಂಚೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿಬನ್ನಿ, ದೊಡ್ಡವರೂ ಎರಡನೇ ಲೋಟ ಕಾಫಿಯನ್ನು ವಾಪಸ್ ಬಂದ ಮೇಲೆ ಕುಡಿದರಾಯಿತು.